ಹೆಸರು ಹಾಕಿದವರೇ ಬರೆದದ್ದಾ? ಫಾರ್ವರ್ಡ್ ಕಾಲದಲ್ಲಿ ಬರವಣಿಗೆಯ ಶೈಲಿ ಎಷ್ಟು ಸಾಕ್ಷಿ ಹೇಳ್ತದೆ

2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಐಟಿ ಸಚಿವಾಲಯ ಐಟಿ ನಿಯಮಗಳಿಗೆ ಒಂದು ತಿದ್ದುಪಡಿ ಕರಡು ಹೊರಡಿಸಿತು, ಎಐಯಿಂದ ಮಾಡಿದ್ದಕ್ಕೆಲ್ಲ ಲೇಬಲ್ ಇರಬೇಕು ಅಂತ. ಅಲ್ಲಿಂದ ಒಂದು ತಪ್ಪು ಕಲ್ಪನೆ ಹಬ್ಬಿದೆ: ಇನ್ನು ಮೇಲೆ ಯಾವ ಮೆಸೇಜು ಯಾರು ಬರೆದದ್ದು ಅಂತ ಕಂಪ್ಯೂಟರೇ ಹೇಳ್ತದೆ, ಸುಳ್ಳು ಹೆಸರು ಹಾಕಿ ಕಳಿಸುವವರ ಆಟ ಮುಗಿಯಿತು ಅಂತ. ಹಾಗೇನಿಲ್ಲ. ಲೇಬಲ್ಲಿನ ಪ್ರಶ್ನೆ ಇದು ಮಿಷನ್ ಮಾಡಿದ್ದಾ ಅಂತ, ಅದೂ ಮುಖ್ಯವಾಗಿ ಡೀಪ್‌ಫೇಕ್ ಫೋಟೋ, ವಿಡಿಯೋ, ಧ್ವನಿಯನ್ನು ಗುರಿಯಾಗಿಟ್ಟದ್ದು. ಕೆಳಗೆ ಹೆಸರಿರುವ ಮನುಷ್ಯನೇ ಇದನ್ನು ಬರೆದನಾ ಅನ್ನುವುದು ಬೇರೆಯೇ ಪ್ರಶ್ನೆ.

ಕಾಸರಗೋಡಿನ ಕನ್ನಡಿಗರಿಗೆ ಈ ಎರಡನೇ ಪ್ರಶ್ನೆಯೇ ಹೆಚ್ಚು ಸುಡುವಂಥದ್ದು. 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು ಬಂದಾಗ ಇರಬಹುದು, 2025ರಲ್ಲಿ ಕೇರಳ ವಿಧಾನಸಭೆ ಮಲಯಾಳಂ ಭಾಷಾ ಮಸೂದೆ ಪಾಸ್ ಮಾಡಿದಾಗ ಇರಬಹುದು, ಭಾಷೆ ವಿಷಯ ಎದ್ದ ಕೂಡಲೇ ಗ್ರೂಪುಗಳಲ್ಲಿ ಉದ್ದುದ್ದ ಬರಹಗಳು ಓಡಾಡ್ತವೆ, ಕೆಳಗೆ ಯಾರೋ ಮೇಷ್ಟ್ರ ಹೆಸರು, ಸಾಹಿತಿ ಹೆಸರು, ಸಂಘದ ಪದಾಧಿಕಾರಿ ಹೆಸರು. ಆ ಹೆಸರಿನವರು "ಇದು ನಂದಲ್ಲ" ಅಂದ್ರೆ ನಂಬಬೇಕಾ? "ಓದಿದ್ರೇ ಗೊತ್ತಾಗ್ತದೆ, ಅವರದ್ದೇ ಭಾಷೆ" ಅಂತ ಇನ್ನೊಬ್ಬ ಅಂದ್ರೆ ಅದು ಪುರಾವೆಯಾ? ಇದನ್ನು ನಿಧಾನವಾಗಿ ಬಿಡಿಸಿ ನೋಡುವ ಅಗತ್ಯ ಉಂಟು.

ಮೂಲ ಹುಡುಕೋದು ಯಾಕೆ ಕಷ್ಟ

ಮೊದಲು ಬರುವ ಪ್ರಶ್ನೆ, ಶೈಲಿ ಗಿಲಿ ಯಾಕೆ, ಕಳಿಸಿದ ನಂಬರ್ ಹಿಡಿದ್ರೆ ಸಾಕಲ್ವಾ ಅಂತ. ವಾಟ್ಸಾಪಲ್ಲಿ ಫಾರ್ವರ್ಡ್ ಆದ ಮೆಸೇಜಿಗೆ "ಫಾರ್ವರ್ಡೆಡ್" ಅಂತ ಗುರುತು ಬರ್ತದೆ, ಆದ್ರೆ ಮೊದಲು ಬರೆದವರ ಹೆಸರು ಜೊತೆಗೆ ಬರೋದಿಲ್ಲ. ಯಾರಾದ್ರೂ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಆ ಗುರುತೂ ಹೋಯ್ತು. ಮೆಸೇಜಿನ ಒಳಗಿನ ವಿಷಯ ಎನ್‌ಕ್ರಿಪ್ಟ್ ಆಗಿರೋದ್ರಿಂದ ಕಂಪೆನಿಗೂ ಕಾಣೋದಿಲ್ಲ. 2021ರ ಐಟಿ ನಿಯಮದಲ್ಲಿ, ಮೆಸೇಜನ್ನು ಮೊದಲು ಕಳಿಸಿದವರನ್ನು ಗುರುತಿಸಿ ಕೊಡಬೇಕು ಅನ್ನುವ ಷರತ್ತು ಸೇರಿಸಿದ್ರು, ಅದನ್ನು ಪ್ರಶ್ನೆ ಮಾಡಿ ವಾಟ್ಸಾಪ್ ಅದೇ ವರ್ಷ ದೆಹಲಿ ಹೈಕೋರ್ಟಿಗೆ ಹೋಯ್ತು. ಆ ನಿಯಮವೂ ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಲೈಂಗಿಕ ಅಪರಾಧ ಇಂಥ ಗಂಭೀರ ಕೇಸುಗಳಿಗೆ ಮಾತ್ರ. ಒಬ್ಬ ಮೇಷ್ಟ್ರ ಹೆಸರಲ್ಲಿ ಸುಳ್ಳು ಲೇಖನ ಹರಿದಾಡಿದ್ದಕ್ಕೆ ಆ ದಾರಿ ತೆರೆಯೋದು ಕಷ್ಟವೇ.

ದಾರಿ ಇಷ್ಟು ಇಕ್ಕಟ್ಟಾಗಿರೋದ್ರಿಂದ ಕೈಯಲ್ಲಿ ಉಳಿಯೋದು ಬರಹ ಒಂದೇ, ಹಾಗಾಗಿ ಜನ ಬರಹವನ್ನೇ ಸಾಕ್ಷಿ ಮಾಡ್ಲಿಕ್ಕೆ ಹೊರಡ್ತಾರೆ.

ಶೈಲಿ ಅಂತ ಎಂತದನ್ನು ಅಳೆಯೋದು

ಶೈಲಿ ಅಂದ ಕೂಡಲೇ ನಮಗೆ ನೆನಪಾಗೋದು ಗಾದೆ, ಅಲಂಕಾರ, ಒಬ್ಬರು ಪದೇ ಪದೇ ಬಳಸುವ ದೊಡ್ಡ ದೊಡ್ಡ ಪದ. ತಜ್ಞರು ನೋಡೋದು ಹೆಚ್ಚಾಗಿ ಇದರ ಉಲ್ಟಾ, ಬರೆಯುವವರಿಗೇ ಗೊತ್ತಿಲ್ಲದೆ ಬಂದು ಬೀಳುವ ಸಣ್ಣ ಸಣ್ಣ ಸಂಗತಿ. ಕಾರಣ ಸರಳ, ದೊಡ್ಡ ಪದವನ್ನು ಯಾರು ಬೇಕಾದ್ರೂ ಗಮನಿಸಿ ನಕಲು ಮಾಡಬಹುದು, ಸಣ್ಣದನ್ನು ಗಮನಿಸುವವರೇ ಕಡಿಮೆ.

ಇದಕ್ಕೆ ಅಮೆರಿಕದ ಒಂದು ಹಳೇ ಜಗಳ ಒಳ್ಳೆ ಉದಾಹರಣೆ. 1787-88ರಲ್ಲಿ ಅಲ್ಲಿನ ಸಂವಿಧಾನದ ಪರವಾಗಿ 85 ಲೇಖನಗಳು ಒಂದೇ ಗುಪ್ತನಾಮದಲ್ಲಿ ಬಂದವು, ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರು, ಅದರಲ್ಲಿ 12 ಲೇಖನ ಹ್ಯಾಮಿಲ್ಟನ್ನದ್ದಾ ಮ್ಯಾಡಿಸನ್ನದ್ದಾ ಅಂತ ನೂರೈವತ್ತು ವರ್ಷ ಚರ್ಚೆ ಆಯ್ತು. ಇಬ್ಬರೂ ಒಂದೇ ಕಾಲದವರು, ಒಂದೇ ವಿಷಯ, ಒಂದೇ ಗತ್ತು, ಓದಿ ಹೇಳ್ಲಿಕ್ಕೆ ಸಾಧ್ಯವೇ ಇರ್ಲಿಲ್ಲ. 1964ರಲ್ಲಿ ಮೊಸ್ಟೆಲರ್, ವಾಲೆಸ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಸಣ್ಣ ಪದಗಳ ಲೆಕ್ಕ ಹಾಕಿದ್ರು. "ಅಪಾನ್" ಅನ್ನುವ ಪುಟ್ಟ ಇಂಗ್ಲಿಷ್ ಪದ ಹ್ಯಾಮಿಲ್ಟನ್ ಬರಹದಲ್ಲಿ ಸಾವಿರ ಪದಕ್ಕೆ ಸುಮಾರು 3 ಸಲ ಬರ್ತದೆ, ಮ್ಯಾಡಿಸನ್ ಬರಹದಲ್ಲಿ ಅಪರೂಪ. ಇಂಥ ಹಲವು ಪದ ಸೇರಿಸಿ ನೋಡಿದಾಗ ಆ 12 ಲೇಖನಗಳೂ ಮ್ಯಾಡಿಸನ್ ಕಡೆಗೇ ವಾಲಿದವು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಬೇಕು: ಅವರ ಮುಂದೆ ಇದ್ದದ್ದು ಎರಡೇ ಹೆಸರು. ಮತ್ತೆ ಇಬ್ಬರದ್ದೂ ಖಾತ್ರಿಯಾದ ಬರಹ ರಾಶಿ ಇತ್ತು. 2013ರಲ್ಲಿ ಹ್ಯಾರಿ ಪಾಟರ್ ಲೇಖಕಿ ಜೆ. ಕೆ. ರೌಲಿಂಗ್ ಬೇರೆ ಹೆಸರಲ್ಲಿ ಪತ್ತೇದಾರಿ ಕಾದಂಬರಿ ಬರೆದದ್ದು ಹೊರಬಿದ್ದಾಗಲೂ ಹಾಗೆಯೇ. ಮೊದಲು ಪತ್ರಿಕೆಯೊಂದಕ್ಕೆ ಸುಳಿವು ಸಿಕ್ಕಿತು, ಆಮೇಲೆ ಪ್ಯಾಟ್ರಿಕ್ ಜುವೋಲಾ ಅನ್ನುವ ತಜ್ಞರು ಆ ಪುಸ್ತಕವನ್ನು ರೌಲಿಂಗ್ ಮತ್ತು ಇನ್ನೂ ಮೂವರು ಲೇಖಕಿಯರ ಬರಹದ ಜೊತೆ ಹೋಲಿಸಿ, ಪದದ ಉದ್ದ, ಹೆಚ್ಚು ಬರುವ ನೂರು ಪದ, ಅಕ್ಷರಗಳ ಗುಂಪು ಎಲ್ಲ ನೋಡಿ, ರೌಲಿಂಗ್ ಆಗಿರುವ ಸಾಧ್ಯತೆ ಉಂಟು ಅಂದ್ರು. ಕೊನೆಗೆ ಖಾತ್ರಿ ಆದದ್ದು ರೌಲಿಂಗ್ ಅವರೇ ಒಪ್ಪಿಕೊಂಡಾಗ.

ಕನ್ನಡದ ವಿದ್ವಾಂಸರು ಇದನ್ನು ಮೊದಲೇ ಮಾಡಿದ್ದಾರೆ

ಕಂಪ್ಯೂಟರ್ ಇಲ್ಲದೆಯೇ ಕನ್ನಡದಲ್ಲಿ ಈ ಕೆಲಸ ಆಗಿದೆ. ಕವಿರಾಜಮಾರ್ಗ ಬರೆದದ್ದು ನೃಪತುಂಗನಾ ಶ್ರೀವಿಜಯನಾ ಅಂತ ಎಷ್ಟು ಪುಟ ಚರ್ಚೆ ನಡೆದಿದೆ. ನಮ್ಮ ಕುಂಬಳೆಯ ಪಾರ್ತಿಸುಬ್ಬನ ವಿಷಯವೂ ಇಂಥದ್ದೇ, ಯಕ್ಷಗಾನದ ರಾಮಾಯಣ ಪ್ರಸಂಗಗಳು ಅವನದ್ದೇ ಅನ್ನುವುದನ್ನು ಶಿವರಾಮ ಕಾರಂತರು ಪ್ರಶ್ನೆ ಮಾಡಿದ್ರು, ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪರವಾಗಿ ವಾದ ಕಟ್ಟಿದ್ರು. ಯಾವ ಪಕ್ಷದವರಾದ್ರೂ ಬರೀ ಓದಿ ತಲೆದೂಗಿ ತೀರ್ಪು ಕೊಡುವ ಹಾಗಿರ್ಲಿಲ್ಲ, ಇಂಥ ಚರ್ಚೆಯಲ್ಲಿ ಭಾಷೆಯ ಜೊತೆ ಹಸ್ತಪ್ರತಿ, ಕಾಲ, ಊರು ಎಲ್ಲ ಬೇಕಾಗ್ತದೆ.

ಕರಾವಳಿಯ ಇನ್ನೊಂದು ಉದಾಹರಣೆ ಎಚ್ಚರಿಕೆಗೆ ಬೇಕು. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದ್ರೆ ಮುದ್ದಣ, 1870ರಿಂದ 1901ರವರೆಗೆ ಬದುಕಿದವರು, ತಮ್ಮ ಕೃತಿಯನ್ನು ಹಳೇ ಕಾಲದ ಕವಿಯದ್ದು ಅನ್ನುವ ಹಾಗೆ ಮೈಸೂರಿನ ಪತ್ರಿಕೆಗೆ ಕಳಿಸಿದ್ರು. ಹಳಗನ್ನಡ ಅಷ್ಟು ಚಂದ ಕೈವಶ ಆಗಿದ್ದ ಕಾರಣ ಅದು ಹಳೇದೇ ಅಂತ ನಡೀತು. ಪ್ರತಿಭೆ ಇರುವವರು ಮನಸ್ಸು ಮಾಡಿದ್ರೆ ಬೇರೆ ಕಾಲದ ಭಾಷೆಯನ್ನೇ ಕಟ್ಟಿ ನಿಲ್ಲಿಸಬಹುದು ಅಂತಾದ್ರೆ, ಪಕ್ಕದ ಊರಿನ ಮೇಷ್ಟ್ರ ಧಾಟಿಯಲ್ಲಿ ಎರಡು ಪ್ಯಾರಾ ಬರೆಯೋದು ಅಸಾಧ್ಯವಾ?

ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಹಾಗೇ ಕೂರೋದಿಲ್ಲ

ಇಂಗ್ಲಿಷಲ್ಲಿ ಸಣ್ಣ ಪದಗಳು ಬಿಡಿಬಿಡಿಯಾಗಿ ನಿಲ್ತವೆ, ಎಣಿಸೋದು ಸುಲಭ. ಕನ್ನಡದಲ್ಲಿ ಅದೇ ಕೆಲಸ ಪ್ರತ್ಯಯಗಳು ಮಾಡ್ತವೆ, ಪದದ ಬಾಲಕ್ಕೆ ಅಂಟಿಕೊಂಡು. ಒಬ್ಬರು "ಬಂದರೂ ಸಹ" ಅಂತಾರೆ, ಇನ್ನೊಬ್ಬರು "ಬಂದರೂ ಕೂಡಾ", ಮತ್ತೊಬ್ಬರು ಬರೀ "ಬಂದ್ರೂ". ಒಬ್ಬರು "ಮಾಡಬೇಕಾಗಿದೆ" ಅಂತ ಸೇರಿಸಿ ಬರೀತಾರೆ, ಇನ್ನೊಬ್ಬರು "ಮಾಡ ಬೇಕಾಗಿದೆ" ಅಂತ ಬಿಡಿಸ್ತಾರೆ. ಹಾಗಾಗಿ ಪೂರ್ತಿ ಪದ ಎಣಿಸುವುದಕ್ಕಿಂತ ಮೂರು ನಾಲ್ಕು ಅಕ್ಷರಗಳ ತುಣುಕು ಎಣಿಸುವ ವಿಧಾನ ಕನ್ನಡಕ್ಕೆ ಹೆಚ್ಚು ಒಗ್ಗುತ್ತದೆ, ಬಾಲದ ಅಭ್ಯಾಸ ಎಲ್ಲ ಅದರಲ್ಲಿ ಸಿಕ್ಕಿಬೀಳ್ತದೆ.

ಮತ್ತೆ ಟೈಪಿಂಗಿನ ಗುರುತು. ಕನ್ನಡ ಯುನಿಕೋಡಲ್ಲಿ ಕಣ್ಣಿಗೆ ಕಾಣದ ಅಕ್ಷರ ಒಂದುಂಟು, ಒತ್ತಕ್ಷರ ಆಗದ ಹಾಗೆ ತಡೆಯುವಂಥದ್ದು, "ಫೇಸ್‌ಬುಕ್" ಅಂತ ಬಿಡಿಸಿ ಬರೆಯುವವರು ಅದನ್ನು ಹಾಕ್ತಾರೆ, "ಫೇಸ್ಬುಕ್" ಅಂತ ಒತ್ತು ಬರುವ ಹಾಗೆ ಬರೆಯುವವರು ಹಾಕೋದಿಲ್ಲ. ಕಾಮಾಕ್ಕೆ ಮೊದಲು ಜಾಗ ಬಿಡುವವರು, ಎರಡೇ ಚುಕ್ಕಿ ಹಾಕಿ ವಾಕ್ಯ ಮುಗಿಸುವವರು, ಅಂಕಿಯನ್ನು ಕನ್ನಡದಲ್ಲೇ ಬರೆಯುವವರು, ಅಲ್ಪಪ್ರಾಣ ಮಹಾಪ್ರಾಣ ಒಂದೇ ಕಡೆ ತಪ್ಪುವವರು, ಇದೆಲ್ಲ ಲೆಕ್ಕಕ್ಕೆ ಬರ್ತದೆ. ಆದ್ರೆ ಇದರಲ್ಲಿ ಎಷ್ಟು ಮನುಷ್ಯನದ್ದು, ಎಷ್ಟು ಕೀಬೋರ್ಡಿನದ್ದು? ವಾಯ್ಸ್ ಟೈಪಿಂಗ್ ಮಾಡಿದ್ರೆ ಕಾಗುಣಿತ ಫೋನಿನದ್ದು. ಸ್ಕ್ರೀನ್‌ಶಾಟ್ ತೆಗೆದ್ರೆ ಆ ಕಾಣದ ಅಕ್ಷರ ಮಾಯ, ಗ್ರೂಪಲ್ಲಿ ಯಾರೋ ತಿದ್ದಿ ಕಳಿಸಿದ್ರೆ ತಪ್ಪುಗಳೂ ಮಾಯ.

ಉದ್ದದ ಸಮಸ್ಯೆ ಇದಕ್ಕಿಂತ ದೊಡ್ಡದು. ಎಣಿಕೆಯ ವಿಧಾನಗಳನ್ನು ನಂಬಬೇಕಾದ್ರೆ ಸಾಮಾನ್ಯವಾಗಿ ಸಾವಿರಗಟ್ಟಲೆ ಪದ ಬೇಕು. ಫಾರ್ವರ್ಡ್ ಮೆಸೇಜಲ್ಲಿ ಇರೋದು ನೂರೋ ಇನ್ನೂರೋ. ಅಷ್ಟರಲ್ಲಿ ಒಂದು ಪ್ರತ್ಯಯ ಎರಡು ಸಲ ಬಂತು ಅಂದ್ರೆ ಅದು ಅಭ್ಯಾಸವೋ ಆಕಸ್ಮಿಕವೋ ಹೇಳ್ಲಿಕ್ಕೆ ಆಗೋದಿಲ್ಲ.

ಊರಿನ ಭಾಷೆಯನ್ನು ಆಳಿನ ಶೈಲಿ ಅಂದ್ಕೊಳ್ಳೋದು

ಎಲ್ಲಕ್ಕಿಂತ ಹೆಚ್ಚು ಅನ್ಯಾಯ ಆಗೋದು ಇಲ್ಲಿ.

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತಾರೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳಂ, ಹವ್ಯಕ ಕನ್ನಡ ಹೀಗೆ ಏನೇನೋ ಮಾತಾಡುವವರು ಬರೆಯುವಾಗ ಕನ್ನಡದಲ್ಲಿ ಬರೀತಾರೆ. ಮನೆಮಾತಿನ ನೆರಳು ಬರಹದ ಮೇಲೆ ಬಿದ್ದೇ ಬೀಳ್ತದೆ. "ಬರ್ತೇನೆ ಅಂತ ಹೇಳಿದ" ಅನ್ನುವ ಕಡೆ "ಬರ್ತೇನೆ ಹೇಳಿ ಹೇಳಿದ" ಅಂತ ಬರೆದ್ರೆ ಹವ್ಯಕ ಮನೆಯ ವಾಸನೆ ಬಂತು ಅಂತ ಇಲ್ಲಿನವರಿಗೆ ತಕ್ಷಣ ಅನಿಸ್ತದೆ. "ಎಂತ", "ಉಂಟು", "ಮಾಡ್ಲಿಕ್ಕೆ" ಬಂದ್ರೆ ಕರಾವಳಿ. ಆಡಳಿತದ ಪದಗಳು ಇನ್ನೂ ಚುರುಕಾದ ಗುರುತು: ಗಡಿಯ ಈಚೆ ಇರುವವರು ವಿಲೇಜ್ ಆಫೀಸ್, ಅಕ್ಷಯ ಕೇಂದ್ರ, ಪ್ಲಸ್ ಟು, ಕುಟುಂಬಶ್ರೀ ಅಂತಾರೆ, ತಲಪಾಡಿ ದಾಟಿದ್ರೆ ನಾಡಕಚೇರಿ, ಪಿಯುಸಿ. ಮಂಜೇಶ್ವರದ ಕೃಷಿಕರೊಬ್ಬರು ಬರೆದದ್ದು ಅಂತ ಬಂದ ಪತ್ರದಲ್ಲಿ, ಆದಾಯ ಸರ್ಟಿಫಿಕೇಟಿಗೆ ನಾಡಕಚೇರಿಗೆ ಅಲೆದೆ ಅಂತ ಇದ್ರೆ ಅನುಮಾನ ಬರಬೇಕಾದದ್ದೇ, ಇಲ್ಲಿ ಆ ಆಫೀಸೇ ಇಲ್ಲ. ಪಿಯುಸಿ ಅಂದ್ರೆ ಮಾತ್ರ ಅಷ್ಟು ಅನುಮಾನ ಬೇಡ, ಯಾಕಂದ್ರೆ ಮಂಗಳೂರಿಗೆ ಹೋಗಿ ಪಿಯುಸಿ ಓದಿದವರು ಇಲ್ಲಿ ಧಾರಾಳ ಇದ್ದಾರೆ.

ಅಮೆರಿಕದ ಭಾಷಾತಜ್ಞ ರೋಜರ್ ಶೂಯ್ ಹೇಳಿದ ಒಂದು ಕೇಸಲ್ಲಿ ಇಂಥದ್ದೇ ಆಯ್ತು. ಒತ್ತೆಹಣ ಕೇಳಿ ಬಂದ ಚೀಟಿಯಲ್ಲಿ, ರಸ್ತೆಗೂ ಫುಟ್‌ಪಾತಿಗೂ ನಡುವಿನ ಹುಲ್ಲಿನ ಪಟ್ಟಿಗೆ "ಡೆವಿಲ್ ಸ್ಟ್ರಿಪ್" ಅಂತ ಬರೆದಿತ್ತು. ಆ ಮಾತು ಒಹಾಯೋ ರಾಜ್ಯದ ಅಕ್ರನ್ ಸುತ್ತಮುತ್ತ ಮಾತ್ರ ಚಾಲ್ತಿಯಲ್ಲಿದ್ದದ್ದು. ಚೀಟಿಯಲ್ಲಿ ಸುಲಭದ ಪದಗಳೇ ತಪ್ಪು, ಕಷ್ಟದ ಪದಗಳು ಸರಿ, ಅಂದ್ರೆ ಓದಿದ ಮನುಷ್ಯ ಬೇಕಂತ ತಪ್ಪು ಬರೆದದ್ದು. ಪೊಲೀಸರ ಪಟ್ಟಿಯಲ್ಲಿ ಓದಿದ ಅಕ್ರನ್ನಿನವ ಒಬ್ಬ ಇದ್ದ.

ಈ ಕತೆಯಲ್ಲಿ ಕೆಲಸ ಮಾಡಿದ್ದು ಎಂತ ಅಂತ ನೋಡಿ. ಸಂಶಯದ ಪಟ್ಟಿ ಮೊದಲೇ ಇತ್ತು, ಅದು ಚಿಕ್ಕದಿತ್ತು, ಅದರಲ್ಲಿ ಅಕ್ರನ್ನಿನವ ಒಬ್ಬನೇ ಇದ್ದ. ಅದೇ ಚೀಟಿ ಅಕ್ರನ್ ಊರಿನೊಳಗೇ ಸಿಕ್ಕಿದ್ರೆ ಆ ಪದಕ್ಕೆ ಯಾವ ಬೆಲೆಯೂ ಇರ್ತಿರ್ಲಿಲ್ಲ. ನಮ್ಮ ಗ್ರೂಪುಗಳಲ್ಲಿ ಆಗೋದು ಇದೇ ಎರಡನೇ ಪರಿಸ್ಥಿತಿ. ಬದಿಯಡ್ಕದ ಗ್ರೂಪಲ್ಲಿ ಬಂದ ಹೆಸರಿಲ್ಲದ ಬರಹದಲ್ಲಿ "ಹೇಳಿ", "ಉಂಟು" ಸಿಕ್ಕಿತು ಅಂತ, ಹಾಗೆ ಬರೆಯುವ ಒಬ್ಬ ಪರಿಚಯದವರ ಮೇಲೆ ಬೆರಳು ತೋರಿಸ್ತಾರೆ. ಆ ಭಾಷೆ ಇಡೀ ಊರಿನದ್ದು, ಅವರೊಬ್ಬರದ್ದಲ್ಲ.

ಲೆಕ್ಕ ಹಾಕಿ ನೋಡಿದ್ರೆ ಇನ್ನೂ ಸ್ಪಷ್ಟ ಆಗ್ತದೆ. ಒಂದು ಬರಹದ ಅಭ್ಯಾಸಗಳೆಲ್ಲ ಸೇರಿ ಸಾವಿರಕ್ಕೆ ಒಬ್ಬರಿಗೆ ಮಾತ್ರ ಹೊಂದ್ತದೆ ಅಂತ ಇಟ್ಕೊಳ್ಳಿ, ಕೇಳ್ಲಿಕ್ಕೆ ಭಾರೀ ಬಲವಾದ ಪುರಾವೆ. ಬರೆದಿರಬಹುದಾದವರು ಐವತ್ತು ಸಾವಿರ ಜನ ಅಂತ ಇಟ್ಕೊಂಡ್ರೆ ಹೊಂದುವವರು ಐವತ್ತು ಮಂದಿ. ನಮ್ಮ ಕಣ್ಣಿಗೆ ಬಿದ್ದವರು ಆ ಐವತ್ತರಲ್ಲಿ ಒಬ್ಬರು ಅಷ್ಟೆ, ಉಳಿದ 49 ಮಂದಿ ನಮಗೆ ಪರಿಚಯ ಇಲ್ಲ. ಬರೆದಿರಬಹುದಾದವರು ಇಬ್ಬರೇ ಅಂತ ಬೇರೆ ದಾರಿಯಿಂದ ಗೊತ್ತಾಗಿದ್ರೆ ಮಾತ್ರ ಅದೇ ಪುರಾವೆ ಹೆಚ್ಚು ಕಡಿಮೆ ನಿರ್ಣಾಯಕ. ಹಾಗಾಗಿ "ಇವರು ಬರೆದದ್ದಲ್ಲ" ಅಂತ ಹೇಳ್ಲಿಕ್ಕೆ ಶೈಲಿ ಗಟ್ಟಿ, "ಇವರೇ ಬರೆದದ್ದು" ಅಂತ ಹೇಳ್ಲಿಕ್ಕೆ ತುಂಬಾ ದುರ್ಬಲ. ಮೂವತ್ತು ವರ್ಷ ಒಂದೇ ರೀತಿ ಬರೆದು, ಅದೆಲ್ಲ ಅಚ್ಚಾಗಿ ಇರುವ ಒಬ್ಬರ ಹೆಸರಲ್ಲಿ ಪೂರ್ತಿ ಬೇರೆ ನಮೂನೆಯ ಬರಹ ಬಂದ್ರೆ, ಅವರ ನಿರಾಕರಣೆಗೆ ಶೈಲಿ ಒಳ್ಳೆ ಬೆಂಬಲ ಕೊಡ್ತದೆ.

ಎಐ ಬಂದ ಮೇಲೆ

ಈಗ ಇನ್ನೊಂದು ವಾದ, ಎಐಗೆ ಒಬ್ಬರ ಹತ್ತು ಲೇಖನ ಕೊಟ್ಟು "ಹೀಗೆ ಬರಿ" ಅಂದ್ರೆ ಬರೀತದೆ, ಹಾಗಾಗಿ ಶೈಲಿಯ ಸಾಕ್ಷಿ ಸತ್ತಿತು ಅಂತ. ಇದರಲ್ಲಿ ಅರ್ಧ ಸತ್ಯ ಉಂಟು. ಎದ್ದು ಕಾಣುವ ಧಾಟಿಯನ್ನು ಅದು ಹಿಡೀತದೆ. ಕಾಸರಗೋಡಿನ ಒಳಮಾತು, ಕಾಗುಣಿತದ ಅಭ್ಯಾಸ, ಯಾವ ವಿಷಯಕ್ಕೆ ಯಾವ ಊರಿನ ಪದ ಅನ್ನುವ ಹದ, ಇವು ಅಷ್ಟು ಸುಲಭಕ್ಕೆ ಬರೋದಿಲ್ಲ, ಆದ್ರೆ ಮುಂದೆಯೂ ಬರೋದಿಲ್ಲ ಅಂತ ಭರವಸೆ ಕೊಡುವ ಹಾಗಿಲ್ಲ.

ಕಡಿಮೆ ಚರ್ಚೆ ಆಗೋದು ಇದರ ಇನ್ನೊಂದು ಮಗ್ಗುಲು. ನಿಜವಾದ ಲೇಖಕರೇ ಈಗ ತಮ್ಮ ಬರಹವನ್ನು ಎಐಗೆ ಹಾಕಿ ತಿದ್ದಿಸ್ತಾರೆ. ತಿದ್ದುವಾಗ ಊರಿನ ಪದ ಹೋಗಿ ಗ್ರಂಥದ ಪದ ಬರ್ತದೆ, ವಾಕ್ಯ ಎಲ್ಲ ಒಂದೇ ಅಳತೆ ಆಗ್ತದೆ. ಆಗ ಅವರೇ ಬರೆದದ್ದೂ ಅವರದ್ದಲ್ಲದ ಹಾಗೆ ಕಾಣ್ತದೆ, ಈಗಷ್ಟೇ ಹೇಳಿದ "ಇವರದ್ದಲ್ಲ" ಅನ್ನುವ ಗಟ್ಟಿ ಸಾಕ್ಷಿಯೂ ಸಡಿಲ ಆಗ್ತದೆ.

ಎಐ ಬರೆದದ್ದನ್ನು ಹಿಡಿಯುವ ಸಾಫ್ಟ್‌ವೇರುಗಳ ಮೇಲೆ ಭಾರ ಹಾಕುವವರಿಗೆ ಎರಡು ವಿಷಯ ಗೊತ್ತಿರಬೇಕು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪೆನಿಯೇ 2023ರ ಜನವರಿಯಲ್ಲಿ ಅಂಥದ್ದೊಂದು ತಂತ್ರಾಂಶ ಬಿಟ್ಟಿತು, ಅದು ಎಐ ಬರಹದಲ್ಲಿ ಶೇ. 26ರಷ್ಟನ್ನು ಮಾತ್ರ ಸರಿಯಾಗಿ ಗುರುತಿಸ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ. 9ರಷ್ಟನ್ನು ಎಐ ಅಂತಿತ್ತು, ನಿಖರತೆ ಸಾಲದು ಅಂತ ಅದೇ ವರ್ಷ ಜುಲೈಯಲ್ಲಿ ಅವರೇ ಹಿಂತೆಗೆದ್ರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಬರೆದ 91 ಪ್ರಬಂಧಗಳನ್ನು ಇಂಥ ಏಳು ತಂತ್ರಾಂಶಗಳಿಗೆ ಹಾಕಿದಾಗ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಎಐ ಬರೆದದ್ದು ಅಂತ ತಪ್ಪಾಗಿ ಹೇಳಿದವು. ಎರಡನೇ ಭಾಷೆಯಲ್ಲಿ ಬರೆಯುವವರಿಗೆ ಈ ಏಟು ಬಿತ್ತು ಅಂದ್ರೆ, ಮನೆಯಲ್ಲಿ ತುಳುವೋ ಮಲಯಾಳಂವೋ ಮಾತಾಡಿ ಕನ್ನಡದಲ್ಲಿ ಬರೆಯುವ ಕಾಸರಗೋಡಿನ ಮಕ್ಕಳ ವಿಷಯದಲ್ಲಿ ಎಷ್ಟು ಜಾಗ್ರತೆ ಬೇಕು ಅಂತ ಶಾಲೆ ಕಾಲೇಜಿನವರು ಯೋಚನೆ ಮಾಡಬೇಕು.

ಹೆಸರು ಹೇಳದೆ ಬರೆಯುವವರ ಭಯ

ಶೈಲಿ ಪರೀಕ್ಷೆಯ ಪರ ವಾದ ಮಾಡುವವರು ಸುಳ್ಳು ಹೆಸರಿನವರನ್ನು ಹಿಡಿಯಬೇಕು ಅಂತಾರೆ, ಸರಿಯೇ. ವಿರೋಧ ಇರುವವರು ಕೇಳೋದು, ಇದೇ ಉಪಾಯದಿಂದ ಪಂಚಾಯತಿನ ಅವ್ಯವಹಾರವನ್ನು ಹೆಸರು ಮುಚ್ಚಿ ಬರೆದವರನ್ನೂ ಹಿಡಿಯಬಹುದಲ್ಲ ಅಂತ. ಹಿಡಿಯಬಹುದು. 2012ರಲ್ಲಿ ಅರವಿಂದ್ ನಾರಾಯಣನ್ ಅನ್ನುವ ಸಂಶೋಧಕರು ಮತ್ತು ಸಂಗಡಿಗರು ಒಂದು ಲಕ್ಷ ಇಂಗ್ಲಿಷ್ ಲೇಖಕರ ನಡುವೆ ಹುಡುಕಿದಾಗ ಶೇ. 20ಕ್ಕಿಂತ ಹೆಚ್ಚು ಸಲ ಸರಿಯಾದವರೇ ಮೊದಲ ಹೆಸರಾಗಿ ಬಂದ್ರು. ಲಕ್ಷದಲ್ಲಿ ಐದಕ್ಕೆ ಒಂದು ಸಲ ಸಿಕ್ಕಿಬೀಳೋದು ಅಂದ್ರೆ ಗುಟ್ಟು ಕಾಯಬೇಕಾದವರಿಗೆ ಭಯವೇ. ಐದಕ್ಕೆ ನಾಲ್ಕು ಸಲ ಸಂಬಂಧ ಇಲ್ಲದ ಇನ್ಯಾರೋ ಮೊದಲ ಹೆಸರಾಗಿ ಬರ್ತಾರೆ ಅನ್ನುವುದು ಇನ್ನೂ ದೊಡ್ಡ ಭಯ. ಚಿಕ್ಕ ಊರಲ್ಲಿ ಒಮ್ಮೆ ಹೆಸರು ಬಂದ್ರೆ ಆಮೇಲೆ ಅಳಿಸ್ಲಿಕ್ಕೆ ಆಗೋದಿಲ್ಲ.

ಕೋರ್ಟಿಗೆ ಹೋದ್ರೆ

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ನಲ್ಲಿ ತಜ್ಞರ ಅಭಿಪ್ರಾಯಕ್ಕೆ ಜಾಗ ಉಂಟು, ವಿಜ್ಞಾನ, ಕಲೆ, ಕೈಬರಹದ ಜೊತೆ "ಬೇರೆ ಯಾವುದೇ ಕ್ಷೇತ್ರ" ಅನ್ನುವುದೂ ಈಗ ಸೇರಿದೆ. ಶೈಲಿ ತಜ್ಞರ ಮಾತು ಅದರಡಿ ಬರಬಹುದು. ಅಭಿಪ್ರಾಯ ಅಭಿಪ್ರಾಯವೇ, ಅದೊಂದರ ಮೇಲೆ ತೀರ್ಪು ನಿಲ್ಲಿಸೋದು ಅಪಾಯ. ತಜ್ಞರೂ ಜಾರ್ತಾರೆ: 1612ರ ಒಂದು ಶೋಕಗೀತೆ ಶೇಕ್ಸ್‌ಪಿಯರನದ್ದು ಅಂತ ಶೈಲಿಯ ಬಲದ ಮೇಲೆ ವಾದಿಸಿದ್ದ ಡೊನಾಲ್ಡ್ ಫಾಸ್ಟರ್ 2002ರಲ್ಲಿ ತನ್ನ ವಾದವನ್ನೇ ಹಿಂದೆ ತೆಗೆದ.

ಸರಿಯಾದ ಬಳಕೆ ಹೇಗಿರ್ತದೆ ಅನ್ನುವುದಕ್ಕೆ ಅಮೆರಿಕದ ಬಾಂಬ್ ಕೇಸೊಂದು ಉಂಟು. 1995ರಲ್ಲಿ ಪತ್ರಿಕೆಯಲ್ಲಿ ಬಂದ, ಹೆಸರು ಗೊತ್ತಿಲ್ಲದ ಬಾಂಬ್ ಆರೋಪಿಯ ಸುಮಾರು 35 ಸಾವಿರ ಪದಗಳ ಬರಹದ ಧಾಟಿಯನ್ನು ಟೆಡ್ ಕಜಿನ್‌ಸ್ಕಿಯ ತಮ್ಮ ಮತ್ತು ತಮ್ಮನ ಹೆಂಡತಿ ಗುರುತು ಹಿಡಿದ್ರು. ಅಣ್ಣನ ಹಳೇ ಪತ್ರಗಳ ಜೊತೆ ಹೋಲಿಕೆ ಆಯ್ತು, ಅದರ ಆಧಾರದಲ್ಲಿ ಸರ್ಚ್ ವಾರಂಟ್ ಸಿಕ್ಕಿತು, 1996ರ ಏಪ್ರಿಲಲ್ಲಿ ಅವನ ಗುಡಿಸಲಲ್ಲಿ ಬಾಂಬಿನ ಸಾಮಾನು ಸಿಕ್ಕಿತು. ಶೈಲಿ ಬಾಗಿಲು ತೋರಿಸಿತು, ಕೇಸು ನಿಂತದ್ದು ಒಳಗೆ ಸಿಕ್ಕಿದ್ದರ ಮೇಲೆ.

ಹೆಸರು ದುರುಪಯೋಗ ಆದವರು ಇಲ್ಲಿ ಮಾಡಬೇಕಾದದ್ದು ಹಾಗಾಗಿ ಹೆಚ್ಚು ಕಡಿಮೆ ಸ್ಪಷ್ಟ. ಮೆಸೇಜನ್ನು ಸ್ಕ್ರೀನ್‌ಶಾಟ್ ಮಾತ್ರ ಮಾಡಿ ಇಟ್ಟುಕೊಂಡ್ರೆ ಸಾಲದು, ಬಂದ ಫೋನಲ್ಲೇ ಅಳಿಸದೆ ಉಳಿಸಬೇಕು, ಎಲೆಕ್ಟ್ರಾನಿಕ್ ದಾಖಲೆಗೆ ಅದೇ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕಾಗ್ತದೆ. ತಮ್ಮದೇ ಹಳೇ ಬರಹ, ತಾರೀಕಿನ ಸಮೇತ, ಎಐಯಲ್ಲಿ ತಿದ್ದಿಸದ್ದು, ಒಟ್ಟು ಮಾಡಬೇಕು. ಇನ್ನೊಬ್ಬರ ಹೆಸರಲ್ಲಿ ಕಂಪ್ಯೂಟರ್ ಮೂಲಕ ಮೋಸ ಮಾಡಿದ್ದಕ್ಕೆ ಐಟಿ ಕಾಯ್ದೆಯ 66ಡಿ ಉಂಟು.

ಗಡಿಭಾಗದಲ್ಲಿ ಇದಕ್ಕೊಂದು ಹೆಚ್ಚಿನ ತೊಡಕು. ಕನ್ನಡದ ಬರಹ ಪೊಲೀಸ್ ಫೈಲಿಗೆ ಹೋಗುವಾಗ ಮಲಯಾಳಂಗೋ ಇಂಗ್ಲಿಷಿಗೋ ಅನುವಾದ ಆಗಿ ಹೋದ್ರೆ, ವಿಷಯ ಉಳೀತದೆ, ಪ್ರತ್ಯಯ, ಕಾಗುಣಿತ, ಊರಿನ ಪದ ಒಂದೂ ಉಳಿಯೋದಿಲ್ಲ. ಅಂದ್ರೆ ಹೋಲಿಸ್ಲಿಕ್ಕೆ ಬೇಕಾದ ಸಾಕ್ಷಿಯೇ ಮೊದಲ ಮೆಟ್ಟಿಲಲ್ಲಿ ಬಿದ್ದುಹೋಯ್ತು. ಸಂವಿಧಾನದ 350ನೇ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಅಹವಾಲು ಕೊಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ದೂರನ್ನು ಕನ್ನಡದಲ್ಲೇ ಕೊಟ್ಟು, ಆ ಬರಹದ ಕನ್ನಡ ಪಾಠವನ್ನು ಒಂದಕ್ಷರ ತಿದ್ದದೆ ಲಗತ್ತಿಸಿ, ಅನುವಾದ ಬೇಕಿದ್ರೆ ಅದರ ಜೊತೆಗೆ ಇರಲಿ ಅಂತ ದೂರಿನಲ್ಲೇ ಬರೆದು, ಕೊಟ್ಟದ್ದಕ್ಕೆ ರಶೀದಿ ತಗೊಳ್ಳಬೇಕು.